ಬಿದ್ದ ಜಾಗ

ಮೂರನೇ ಹೋಲಿನ ಹೊಂಗೆ ನೆರಳಲ್ಲಿ
ಮಾರಿಷಸ್ ಅಂತ ತೀರ್ಮಾನವಾಯಿತು.
ಅಲ್ಲಿಯವರೆಗೆ ಥಾಯ್ಲೆಂಡ್ ಇತ್ತು, ಶ್ರೀಲಂಕಾ ಇತ್ತು,
ಅಯ್ಯಂಗಾರರ ಷಡ್ಡಕ ಹೇಳಿದ ಬಾಲಿಯೂ ಇತ್ತು.
ಮುತ್ತಮ್ಮ ಮೇಡಂ ಕೈಗವಸು ಕಳಚುತ್ತ
'ಜನವರಿಯಲ್ಲಿ ಅಲ್ಲಿ ಚಂಡಮಾರುತ. ಜುಲೈಗೆ ಹೋಗೋಣ,
ಆಗ ಅವರಿಗೆ ಚಳಿಗಾಲ' ಎಂದರು.
ಜುಲೈನಲ್ಲಿ ಚಳಿಗಾಲ!
ಎರಡು ಬ್ಯಾಗು ಹೊತ್ತ ನಾನು
ನಗಬಾರದ ಕಡೆ ನಕ್ಕುಬಿಟ್ಟೆ.

ಆಮೇಲೆ ಎರಡು ವಾರ ಬರೀ ಲೆಕ್ಕ.
ಏಳನೇ ಹೋಲಿನಲ್ಲಿ ಟಿಕೆಟ್ಟು, ಎಂಟರಲ್ಲಿ ಹೋಟೆಲು,
ಒಂಬತ್ತರಲ್ಲಿ ಅಯ್ಯಂಗಾರರಿಗೆ ಈರುಳ್ಳಿಯಿಲ್ಲದ ಊಟ.
ವಿಮಾನದಲ್ಲಿ ಇಷ್ಟೇ ಕಿಲೋ ಅಂತೆ.
ಯಾವ ಕೋಲು ಬಿಟ್ಟು ಹೋಗಬಹುದು ಅಂತ ನನ್ನನ್ನೇ ಕೇಳಿದರು.
'ಐದರದ್ದು ಬಿಡಿ ಮೇಡಂ,
ಹೋದ ದೀಪಾವಳಿಯಿಂದ ಮುಟ್ಟಿಲ್ಲ ನೀವು.'

ಮಿರ್ಜಾ ಸಾಹೇಬರು ಮಾತ್ರ ಎಲ್ಲಕ್ಕೂ ಹೂಂ.

ಅವರ ಗುಟ್ಟು ನನಗೊಬ್ಬನಿಗೇ ಗೊತ್ತು.
ನೂರು ಗಜದಾಚೆ ಚೆಂಡು ಅವರಿಗೆ ಕಾಣುವುದಿಲ್ಲ,
ಮೂರು ವರ್ಷವಾಯಿತು.
ಹೊಡೆದು, ಬೆಟ್ಟದ ಕಡೆ ಗದ್ದ ಎತ್ತಿ
ಕಂಡವರ ಹಾಗೆ ನಿಲ್ಲುತ್ತಾರೆ.
ನಾನು 'ಚೆನ್ನಾಗ್ ಬಿತ್ತು ಸಾಹೇಬ್ರೆ' ಅಂದರೆ ನಡುವೆ,
ಬರೀ 'ಬಿತ್ತು' ಅಂದರೆ ಎಡಕ್ಕೆ,
ಕೆಮ್ಮಿದರೆ ನೀರಿಗೆ.
ಕೊಳ್ಳೇಗಾಲದ ನೂಲೋ ಸಿದ್ಲಘಟ್ಟದ ನೂಲೋ
ಬೆರಳಲ್ಲಿ ತಿಕ್ಕಿ ಹೇಳುವ ಮನುಷ್ಯ,
ಕಣ್ಣಿನ ಡಾಕ್ಟರ ಬಾಗಿಲು ಕಂಡರೆ ರಸ್ತೆ ದಾಟುತ್ತಾರೆ.

ಒಂದು ಸಂಜೆ ಒಬ್ಬರೇ ನಮ್ಮ ಶೆಡ್ಡಿಗೆ ಬಂದರು.
ಮೊಬೈಲು ನನ್ನ ಮುಂದೆ ಹಿಡಿದು
'ಚೆಲುವರಾಜು, ಈ ಹಸಿರಿನ ಹಿಂದೆ ಮಸುಕಾಗಿರೋದು ಏನು?'
ಸಮುದ್ರ ಅಂದುಕೊಂಡಿದ್ದರು ಪಾಪ.
'ಕಬ್ಬು ಸಾಹೇಬ್ರೆ. ಸೂಲಂಗಿ ಬಂದಿರೋ ಕಬ್ಬು.'

ಪಾಂಡವಪುರದ ಕಡೆಯವನು ನಾನು.
ಗರಿ ಕೊಯ್ದ ಗೆರೆ ಮುಂಗೈ ಮೇಲೆ ಇನ್ನೂ ಇದೆ.
ಕಬ್ಬು ಸಾಕೆಂದು ಚೆಂಡಿನ ಹಿಂದೆ ಬಂದವನು,
ಇವರು ಲಕ್ಷ ಕೊಟ್ಟು, ಸಮುದ್ರ ದಾಟಿ
ಚೆಂಡು ಹೊಡೆಯಲು ಕಬ್ಬಿನ ಪಕ್ಕಕ್ಕೇ ಹೋಗುತ್ತಾರೆ!

'ಅಲ್ಲಿ ಗೊತ್ತಿಲ್ಲದ ಹುಡುಗ ಯಾರೋ ಬ್ಯಾಗ್ ಹೊರ್ತಾನೆ' ಅಂದರು.
ಸ್ವಲ್ಪ ಹೊತ್ತು ಬಿಟ್ಟು,
'ಅವನು ನಿಜ ಹೇಳ್ತಾನೆ.'

ಮಾರನೇ ದಿನದಿಂದ ಬೆಳಗಿನ ಐದೂವರೆ.
ಮಂಜಿಗೆ ಬೆಟ್ಟವೇ ಇಲ್ಲದ ಹೊತ್ತು.
ಕಣ್ಣು ಮುಚ್ಚಿ ಅಂದೆ. ಮುಚ್ಚಿದರು.
ಚೆಂಡು ಎಸೆದೆ.
ಹುಲ್ಲಿಗೆ ಬಿದ್ದರೆ ಥಪ್,
ಗಟ್ಟಿ ನೆಲಕ್ಕೆ ಟಕ್, ಅದಾದ ಮೇಲೆ ಸಣ್ಣದೊಂದು ಟಕ್.
ಮರಕ್ಕೆ ತಾಗಿದರೆ ಎಣಿಸುತ್ತ ಹೋಗಿ,
ಎಷ್ಟು ಕೊಂಬೆಯೋ ಅಷ್ಟು ಸದ್ದು.
ಮರಳು ಏನೂ ಹೇಳುವುದಿಲ್ಲ, ನುಂಗುತ್ತದೆ.
ಕಬ್ಬಿಗೇನು ಮಾಡಲಿ?
ಮಂಡ್ಯ ಬಸ್ಸಿನ ಟಾಪಿನಲ್ಲಿ ಒಂದು ಹೊರೆ ಸೋಗೆ ತಂದು
ಬೇಲಿಗೆ ಕಟ್ಟಿದೆ.
ಮಾಲಿ ಬೈದ, ದನ ಬರುತ್ತವೆ ಅಂತ.
ಸರ್ರ್.
ಆಮೇಲೆ ಏನೂ ಇಲ್ಲ.
'ಆ ಏನೂ ಇಲ್ಲದ್ದೇ ಕಬ್ಬು, ಸಾಹೇಬ್ರೆ.'

ಮೊದಲ ದಿನ ಹತ್ತಕ್ಕೆ ಮೂರು.
ಶುಕ್ರವಾರ ನಮಾಜಿಗೆ ರಜೆ.
ಎಂಟನೇ ದಿನ ಹತ್ತಕ್ಕೆ ಏಳು.

'ಇಷ್ಟೆಲ್ಲ ಯಾಕೆ, ಆಪರೇಷನ್ ಮಾಡಿಸ್ಕೊಂಡುಬಿಡಿ' ಅಂದೆ.
ನಮ್ಮ ಅತ್ತೆಗೆ ಬೆಳಗ್ಗೆ ಆಯಿತು,
ಸಂಜೆಗೆ ಅಕ್ಕಿಯಲ್ಲಿ ಕಲ್ಲು ಆರಿಸಿದರು.
ಸಾಹೇಬರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು
'ಬಂದ ಮೇಲೆ ನೋಡೋಣ.
ಕಂಡುಬಿಟ್ಟರೆ, ಬೇರಿನ ಸಂದಿಯಲ್ಲಿ ಬಿದ್ದ ಚೆಂಡನ್ನ
ನೀನು ಕಾಲಲ್ಲಿ ಈಚೆಗೆ ತಳ್ಳೋದೂ ಕಂಡುಬಿಡುತ್ತಲ್ಲೋ.'

ನಾಳೆ ಹೊರಡುತ್ತಾರೆ.
ಬೇರೆ ದೇಶಕ್ಕೆ ನಮ್ಮ ಮಣ್ಣು ಹೋಗಬಾರದಂತೆ,
ನಲ್ಲಿ ಹತ್ತಿರ ಕೂತು ಬ್ರಷ್ಷಿನಲ್ಲಿ ಶೂ ತಿಕ್ಕುತ್ತಿದ್ದೇನೆ,
ಮೊಳೆ ಮೊಳೆಯ ಬುಡದಲ್ಲೂ ಕೆಂಪು.
ಅತ್ತ ಯಾರೋ ಚೆಂಡು ಹೊಡೆದರು.
ಸುಮ್ಮನೆ ಕಣ್ಣು ಮುಚ್ಚಿದೆ.
ಥಪ್.
ಎಡಕ್ಕೆ, ಹೊಂಗೆಯ ಹತ್ತಿರ ಅಂದುಕೊಂಡೆ.

ತೆರೆದರೆ, ಬಲಕ್ಕೆ.