ತಳದಲ್ಲಿ ನಿಂತದ್ದು

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನೆದುರು, ಬೇಕರಿಯ ಮಹಡಿಯಲ್ಲಿ
ನಮ್ಮ ಲ್ಯಾಬು. ಬೆಳಿಗ್ಗೆ ಆರೂವರೆಗೆ
ಬರಿಹೊಟ್ಟೆಯ ಜನ, ಕೆಳಗಿನಿಂದ ಬನ್ನಿನ ವಾಸನೆ.
ಸುಬೇದಾರ್ ಉತ್ತಯ್ಯ ತೋಳು ಚಾಚಿದರು,
ಸೂಜಿಯೇ ಮೇಲಧಿಕಾರಿ ಎಂಬ ಹಾಗೆ.

ಯಂತ್ರ ಗಿರಗಿರ ತಿರುಗಿ ನಿಂತಾಗ
ಕೆಂಪು ಕೆಳಗೆ. ಮೇಲೆ, ತಿಳಿ ನಿಲ್ಲಬೇಕಾದಲ್ಲಿ,
ತೆಂಗಿನ ಹಾಲಿನಂಥ ಬಿಳಿ.
ಎಷ್ಟೋ ಭಾನುವಾರಗಳ ಪಂದಿಕರಿ
ಕೊಳವೆಯಲ್ಲಿ ತೇಲುತ್ತಿತ್ತು.
ಇನ್ನೂರ ಎಂಬತ್ತಾರು, ಅಂದೆ.
"ಪರೀಕ್ಷೆಯಲ್ಲಿ ಇಷ್ಟು ನಂಬರು ನನಗೆಂದೂ ಬಂದಿಲ್ಲ."

ಡಾಕ್ಟರ ಚೀಟಿ ನಾಲ್ಕು ಮಡಿಕೆಯಾಗಿ ಜೇಬಿಗಿಳಿಯಿತು.
"ಗುಳಿಗೆ ನುಂಗುವವನಲ್ಲ ನಾನು, ರುಖಿಯಾ.
ಬೀಜದಲ್ಲಿ ಇಡೀ ಮರ ಹಿಡಿಸುತ್ತದೆ,
ಒಂದಿಷ್ಟು ಮದ್ದು ಹಿಡಿಸುವುದಿಲ್ಲವಾ?"

ಮಳೆಗೆ ಮೊದಲು, ಖಾಲಿ ಬಿದ್ದ ಕಾಫಿ ಕಣದಲ್ಲಿ
ನೇರಳೆ ಬೀಜ ಒಣಗಿದವಂತೆ.
ನಾಲಗೆ ನೀಲಿಯಾದ ಮಕ್ಕಳಿಗೆ
ಹತ್ತು ಬೀಜಕ್ಕೊಂದು ರೂಪಾಯಿ ಕೂಲಿ.
ಜೊತೆಗೆ ಮೆಂತ್ಯ. ಹುಣಸೂರು ಸಂತೆಯ ಅಗಸೆ ಒಂದು ಹಿಡಿ.
ಸಾರ ಇಳಿಯಲು ಆಲ್ಕೋಹಾಲ್ ಬೇಕೆಂದು ಎಲ್ಲೋ ಓದಿದ್ದರು;
ಮಿಲಿಟರಿ ಕ್ಯಾಂಟೀನಿನ ರಮ್ಮು ಅಲಮಾರಿಯಲ್ಲೇ ಇತ್ತು.
ಇಲಿಗಳಲ್ಲಿ ಇಳಿದಿದೆಯಂತೆ ಕೊಬ್ಬು.
"ಇಲಿಗೂ ರಮ್ಮು ಕೊಟ್ಟರಾ?"
"ಇಲ್ಲ. ಅದೇ ಅವರು ಮಾಡಿದ ತಪ್ಪು."

ಮೂರು ತಿಂಗಳು.
ವಾರಕ್ಕೊಂದು ಬಾಟಲಿ, ಹೆಂಡತಿ ದೇಚವ್ವನೇ ಸೋಸಿ ತುಂಬುವುದು.
ನೋಟುಬುಕ್ಕಿನಲ್ಲಿ ಮಾತ್ರ ಸುಬೇದಾರರ ಅಕ್ಷರ:
ತಾರೀಕು, ಹೊತ್ತು, "ಕಹಿ".

ಕಕ್ಕಡ ಕಳೆದು, ನಾಟಿ ಮುಗಿಸಿ ಇಬ್ಬರೂ ಬಂದರು.
ಕೊಳವೆ ತೆಗೆದೆ. ತಿಳಿ.
ಆಗಷ್ಟೇ ಹಿಂಡಿದ ಜೇನಿನ ಹಾಗೆ ತಿಳಿ.
ನೂರ ತೊಂಬತ್ತೆರಡು.
ಉತ್ತಯ್ಯ ಎದ್ದು, ಚೀಲದಿಂದ ಬಾಟಲಿ ತೆಗೆದು
ಮೇಜಿನ ಮೇಲಿಟ್ಟರು, ಹಾಕಿಯಲ್ಲಿ ಗೆದ್ದ ಕಪ್ಪಿನಂತೆ.
"ಬೆಳಕಿಗೆ ಹಿಡಿದು ನೋಡು."

ಹಿಡಿದೆ. ಕಂದು ನೀರು, ತಳದಲ್ಲಿ ಕಪ್ಪು ಹಿಟ್ಟು,
ಅದರ ನಡುವೆ ಉಗುರಿನ ಚೂರಿನಷ್ಟು
ಗುಲಾಬಿ ಬಣ್ಣದ್ದೇನೋ ಮೆಲ್ಲಗೆ ಮಗ್ಗುಲು ಬದಲಿಸಿತು.
ಪಕ್ಕದ ಮೆಡಿಕಲ್ ಶಾಪಿನಲ್ಲಿ
ಹತ್ತರ ಪಟ್ಟಿಯಲ್ಲಿ ಸಿಗುವ ಗುಲಾಬಿ.

ದೇಚವ್ವನ ಕಡೆ ನೋಡಿದೆ.
ಗೋಡೆಯ ಕ್ಯಾಲೆಂಡರು ಓದುತ್ತಿದ್ದರು,
ಹೋದ ತಿಂಗಳ ಹಾಳೆ.

ಇಲಿಗಳಿಗಾದರೆ ಬೇರೆ ಬೇರೆ ಗೂಡು,
ಒಂದಕ್ಕೆ ಬೀಜ, ಒಂದಕ್ಕೆ ಗುಳಿಗೆ, ಒಂದಕ್ಕೆ ಬರಿ ನೀರು.
ನಾನು ನಂಬರು ಮಾತ್ರ ಬರೆದು ಸಹಿ ಹಾಕಿದೆ.
"ಬೀಜ ನೀರಿನಲ್ಲೇ ನೆನೆಯಲಿ, ರಮ್ಮು ಬೇಡ. ಡಾಕ್ಟರಿಗೂ
ಈ ಬಾಟಲಿ ತೋರಿಸಿ," ಅಂದೆ, ಇಬ್ಬರಿಗೂ ಕೇಳುವ ಹಾಗೆ.

ಮೆಟ್ಟಿಲಲ್ಲಿ ದೇಚವ್ವ ಹಿಂದುಳಿದರು.
"ಬೀಜವೂ ಒಳ್ಳೆಯದೇ ಇರಬೇಕು, ಮಗಳೇ.
ಗುಳಿಗೆ ಪುಡಿ ಮಾಡಿ ಹಾಕುವ ಮೊದಲು
ನಾನೂ ಕುಡಿಯುತ್ತೇನೆ ಒಂದು ಚಮಚ."

ಕೆಳಗೆ ಸುಬೇದಾರರು ಆಗಲೇ
ಬೇಕರಿಯವನಿಗೆ ಬೀಜದ ಲೆಕ್ಕ ಹೇಳುತ್ತಿದ್ದರು.
ದೇಚವ್ವ ಸೆರಗು ಎಳೆದುಕೊಂಡು ಇಳಿದರು.
ಇಷ್ಟು ವರ್ಷದಲ್ಲಿ ಆ ತೋಳಿಗೆ
ಒಂದು ಸಲವೂ ನಾನು ಸೂಜಿ ಹಾಕಿಲ್ಲ.