ಟೇಪಿನ ಇನ್ನೊಂದು ಮಗ್ಗುಲು

ಇಪ್ಪತ್ತೆರಡು ವರ್ಷ ಇಂಚಿನ ಮಗ್ಗುಲಲ್ಲೇ ಬದುಕ್ದೆ.
ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದೆ,
ಮೆಡಿಕಲ್ ಸ್ಟೋರಿನ ಮೆಟ್ಲ ಕೆಳಗೆ
ಒಂದು ಮಿಷನ್ನು, ಒಂದು ಸ್ಟೂಲು, ಒಂದು ಬಲ್ಬು.
ಊರ ಹೆಂಗಸರ ಎದೆ, ತೋಳು, ಬೆನ್ನಿನ ಆಳ
ಎಲ್ಲಾ ಇಂಚು, ಅರೆ ಇಂಚು, ಕಾಲು.
ಟೇಪಿಗೆ ಇನ್ನೊಂದು ಮಗ್ಗುಲದೆ ಅನ್ನೋದು
ಗೊತ್ತಿತ್ತು. ಬೇಕಾಗಿರ್ನಿಲ್ಲ.

ಸಂಕ್ರಾಂತಿ ಕಳೆದ ವಾರ, ರಾತ್ರಿ,
ಮಗ ಅಂಗಿ ಬಿಚ್ಚಿ ಬಂದು ಎದುರು ನಿಂತ.
'ಎದೆ ಅಳಿಯಮ್ಮ. ಸೆಂಟಿಮೀಟ್ರಲ್ಲಿ.'
ಸುಮ್ನೆ ನಿಂತಾಗ ಎಪ್ಪತ್ತೇಳು ಬೇಕಂತೆ,
ಉಸ್ರು ತುಂಬಿದ್ರೆ ಇನ್ನೂ ಐದು ಹಿಗ್ಗಬೇಕಂತೆ.
ಟೇಪು ತಿರುಗಿಸ್ದೆ.
ಎಪ್ಪತ್ತಾರು.

ಇವನ ಹೆಸರೂ ನಾನೇ ಹೊಲಿದದ್ದು.
ಬೋರೇಗೌಡ ಅನ್ನೋ ತಾತನ ಹೆಸರು
ಈ ಕಾಲದ ಕೂಸಿಗೆ ದೊಗಳೆಯಾಯ್ತದೆ ಅಂತ
ತುದಿ ಕತ್ತರಿಸಿ, ಅಂಚು ಮಡಿಸಿ, ಬೋರೇಶ ಅಂತ ಮಾಡಿದ್ದೆ.
ಜೊತೆ ಹುಡುಗರು ಇನ್ನೂ ಕತ್ತರಿಸಿ ಬೋರಿ ಅಂತವೆ.

ನಾಲ್ಕೂವರೆಗೆ ಎದ್ದು ನಾಲೆ ಏರಿ ಮೇಲೆ ಓಡ್ತಾನೆ.
ರಿಟೈರಾದ ಹವಾಲ್ದಾರ್ ಕೆಂಪಣ್ಣ
ಮಫ್ಲರ್ ಸುತ್ಕೊಂಡು ಮೋರಿ ಮೇಲೆ ಕೂತು ಮೊಬೈಲಲ್ಲಿ ಹೊತ್ತು ಹಿಡೀತಾರೆ.
ಸಾವಿರದಾರ್ನೂರು ಮೀಟ್ರು, ಐದೂವರೆ ನಿಮಿಷ.
ಫ್ಯಾಕ್ಟರಿ ಟ್ರ್ಯಾಕ್ಟರಿಂದ ಬಿದ್ದ ಕಬ್ಬಿನ ಜಲ್ಲೆ
ಕತ್ತಲಲ್ಲಿ ತುಳಿದು ಒಂದಿನ ಪಾದ ಉಳುಕ್ತು.
ಅರಿಸಿನ ಸುಣ್ಣ ಹಚ್ಚಿದೆ.
ಮೂರನೇ ದಿನಕ್ಕೆ ಮತ್ತೆ ಏರಿ ಮೇಲಿದ್ದ.

ಮದುವೆ ಆಗಿಲ್ಲ ಅಂತ ಒಂದು ಸರ್ಟಿಫಿಕೇಟು,
ನಡತೆ ನೆಟ್ಟಗದೆ ಅಂತ ಇನ್ನೊಂದು.
ಹತ್ತೊಂಬತ್ತು ವರ್ಷ ಸಾಕಿದೋಳನ್ನ ಯಾರೂ ಕೇಳ್ನಿಲ್ಲ.
ಸೀಲು ಒತ್ತಿದೋರು ತಲೆಯೆತ್ತಿ ಅವನ ಮುಖ ನೋಡ್ನಿಲ್ಲ.

ಬ್ಲೌಸು ಇಸ್ಕೊಳ್ಳೋಕೆ ಬಂದ ವಿಮಲಾಕ್ಷಿ ಟೀಚರ್ರು
'ನಾಕೇ ವರ್ಷವಂತಲ್ಲ ಸುಕನ್ಯಾ, ಆಮೇಲೆ?' ಅಂದ್ರು.
ಒಳ್ಳೆ ಬ್ಲೌಸೂ ನಾಕೇ ವರ್ಷ ಬಾಳೋದು ಟೀಚರ್,
ಅದಕ್ಕೇ ಒಳಗೆ ಒಂದಿಂಚು ಬಟ್ಟೆ ಬುಟ್ಟಿರ್ತೀನಿ,
ಬಿಚ್ಚಿ ತಿರುಗಾ ಹೊಲಿಯೋಕೆ, ಅಂದೆ.
ಅವರು ನಕ್ಕು ಹೋದ್ರು.
ವಸಿ ಹೊತ್ತು ಮಿಷನ್ ತುಳೀನಿಲ್ಲ.

ಒಂದು ಮಧ್ಯಾಹ್ನ ಕಿರಿಮಗಳ ಸ್ಕೇಲು ಟೇಬಲ್ ಮೇಲಿತ್ತು.
ಯಾಕೋ ಟೇಪು ಪಕ್ಕದಲ್ಲಿಟ್ಟೆ.
ಮೂವತ್ತು ಬರೋ ಜಾಗದಲ್ಲಿ ನಾಲ್ಕು ಗೆರೆ ಕಮ್ಮಿ.
ಎಳೆದೂ ಎಳೆದೂ ಹಿಗ್ಗೋಗದೆ ನನ್ನ ಟೇಪು.
ಅದ್ರಲ್ಲೇ ಅಳೆದು ಅದ್ರಲ್ಲೇ ಕತ್ತರಿಸೋದಕ್ಕೆ
ಇಷ್ಟು ವರ್ಷ ಒಬ್ಬರ ಬ್ಲೌಸೂ ಕೆಟ್ಟಿಲ್ಲ.
ನಮ್ಮ ನಮ್ಮಲ್ಲೇ ಇರೋ ತನಕ
ಸುಳ್ಳೂ ಒಂದು ಅಳತೆಯೇ.

ಯೋಳ್ನಿಲ್ಲ.
ಆ ರಾತ್ರಿಯೂ ಎಪ್ಪತ್ತಾರು ಅಂದೆ.
ಮಾತಾಡದೆ ಇಟ್ಟಿಗೆ ಮೇಲೆ ಕೈಯೂರಿ
ಇನ್ನೂ ನಲವತ್ತು ದಂಡ ಹೊಡೆದ,
ನೆಲದ ಮೇಲೆ ಬೆವರಿನ ಎರಡು ಅಂಗೈ ಉಳೀತು.
ಇನ್ನೂ ಗಟ್ಟಿಯಾಗಲಿ ಅಂತಲೋ
ಆಗದೇ ಇರ್ಲಿ ಅಂತಲೋ,
ದೇವರಾಣೆ ನನಗೂ ಗೊತ್ತಿಲ್ಲ.
ಹೊಸ ಟೇಪಿಗೆ ಹದಿನೈದು ರೂಪಾಯಿ.
ಅಂಗಡಿ ಎದುರಿಗೇ ಅದೆ.

ನಾಳೆ ಮಂಡ್ಯದ ಸ್ಟೇಡಿಯಮ್ಮು.
ನಡುರಾತ್ರಿಗೇ ಸಾಲು ಹಿಡೀಬೇಕು,
ಕೆಂಪಣ್ಣ ಟೆಂಪೋ ಹೇಳವ್ರೆ, ಆರು ಹುಡುಗರು.
ಕಿವಿ ತೊಳೆಸ್ಕೊಂಡು ಬಂದವ್ನೆ, ಉಗುರು ಕತ್ತರಿಸವ್ನೆ,
ಪ್ಲಾಸ್ಟಿಕ್ ಫೈಲಲ್ಲಿ ಕಾಗದ ಮೂರು ಸಲ ಎಣಿಸವ್ನೆ.
ನಾನು ಕವರು ಹರಿದು ಹೊಸ ಟೇಪು ತೆಗೆದೆ.
ಸುರುಳಿ ಇನ್ನೂ ಬುಟ್ಟಿಲ್ಲ, ಮೈಗೆ ತಣ್ಣಗೆ.
'ಯಾಕಮ್ಮ ಹೊಸದು?'
'ಹಳೇದು ಸವೆದದೆ ಕಣ್ಲಾ.'

ಎಪ್ಪತ್ತೆಂಟು.
ಕಣ್ಣರಳಿಸ್ದ. ನಾನು ತಲೆಯೆತ್ನಿಲ್ಲ.
ಉಸ್ರು ತುಂಬ್ಕೊಂಡ.
ಪಕ್ಕೆ ಒಂದೊಂದೇ ಮೇಲೆದ್ದು
ಬೆರಳ ಸಂದಿಂದ ಟೇಪು ಜಾರ್ತಾ ಬಂತು,
ಎಂಬತ್ತೊಂದು, ಎಂಬತ್ಮೂರು, ಇನ್ನೂ ಒಂದೆರಡು ಗೆರೆ.
ಬಾಯಿ ತೆಗೆದ್ರೆ ಹೋಯ್ತದೆ.
ಕಣ್ಣಲ್ಲೇ ಕೇಳ್ತಾನೆ, ಬುಡ್ಲಾ?

ರಸ್ತೇಲಿ ಟೆಂಪೋ ಹಾರನ್ನು.
ಬಲ್ಬಿನ ಕೆಳಗೇ ನಿಂತಿದ್ದೀವಿ ಇಬ್ರೂ.
ಇರು, ಗೆರೆ ಸರಿಯಾಗಿ ಕಾಣ್ತಿಲ್ಲ, ಅಂದೆ.