ಪಾಕದ ಸದ್ದು

ಕೆರಗೋಡಿನ ದಾರಿಯಲ್ಲಿ ಬಸ್ಸು ಇಳಿದಾಗ
ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ,
ಅಮ್ಮ ಪೊಟ್ಟಣ ಕಟ್ಟಿಕೊಟ್ಟ ಕಡಲೆಹಿಟ್ಟು,
ಅರ್ಧಕ್ಕೆ ಹಿಂಡಿದ ಒಂದು ಟ್ಯೂಬು ಕ್ರೀಮು.
'ರಜ ಮುಗಿಯೋದ್ರೊಳ್ಗೆ ಒಂಚೂರು ತಿಳಿಯಾಗು' ಅಂದಿದ್ದಳು,
ಕೆರೆಯ ನೀರಿಗೆ ಹೇಳುವ ಹಾಗೆ.

ಬಿಸಿಲಿಗೆ ಹೋಗಬೇಡ ಎಂದು ಹೇಳಿ
ಕಳಿಸಿದ್ದು ಆಲೆಮನೆಗೆ.

ಚಿಕ್ಕವ್ವ ಪುಟ್ಟಲಿಂಗಿ ಒಲೆಬಾಯಿಗೆ ರಚ್ಚು ತಳ್ಳುತ್ತಿದ್ದಳು.
ಕಪ್ಪು ಅಂದರೆ ನನ್ನ ಹಾಗೆ ಮುಲಾಜಿನ ಕಪ್ಪಲ್ಲ,
ಸಾದಗಪ್ಪು, ಕೃಷ್ಣವರ್ಣ, ಲಕ್ಷಣವಾಗಿದಾಳೆ ಬಿಡಿ,
ಎಂದೆಲ್ಲ ಹೊದಿಕೆ ಹೊದಿಸಬಹುದಾದ ಕಪ್ಪಲ್ಲ.
ಕೊಪ್ಪರಿಗೆಯ ತಳದ ಕಪ್ಪು.
ಮೂರು ಗಂಡುಗಳು ಕಾಫಿ ಕುಡಿದು ಎದ್ದುಹೋದ ಕಪ್ಪು.
ನಾಲ್ಕನೆಯವನಿಗೆ ಅವಳೇ ಕಾಫಿ ಕೊಡಲಿಲ್ಲವಂತೆ.

ಆಲೆಮನೆಯಲ್ಲಿ ಹೆಂಗಸಿಗೆ ಇದ್ದದ್ದು
ಕಬ್ಬು ಹೊರುವ ಕೆಲಸ, ಸಿಪ್ಪೆ ಒಣಗಿಸುವ ಕೆಲಸ.
ಕೊಪ್ಪರಿಗೆಯ ಹತ್ತಿರ ಸುಳಿದರೆ ಪಾಕ ಒಡೆಯುತ್ತದೆಂದು
ಯಾರು ಹೇಳಿದರೋ, ನಂಬಿದ್ದು ಊರೆಲ್ಲ.
ಹಲಗಮ್ಮ ಎಂಬ ಮುದುಕಿ ಮಾತ್ರ,
ಅವಳ ಲೋಟ ಗೋಡೆಯಾಚೆ ಬೇರೆ ಇತ್ತು,
ಹದಗಾರ ಕುಡಿದು ಮಲಗಿದ ರಾತ್ರಿಗಳಲ್ಲಿ
ಯಾರಿಗೂ ಹೇಳದೆ ಬೆಲ್ಲ ಇಳಿಸುತ್ತಿದ್ದಳಂತೆ.
ಬೆಳಿಗ್ಗೆ ಹೆಸರು ಹದಗಾರನಿಗೆ.

ರಚ್ಚಿನ ಮೆದೆಯ ಹಿಂದಿಂದ ಇಣುಕುವ ಹುಡುಗಿಯನ್ನು
ಒಂದಿರುಳು ಅವಳೇ ಕರೆದಳಂತೆ:
'ಬಾರವ್ವ. ಕಣ್ಣು ಮುಚ್ಕೊ.
ಬಣ್ಣ ನೋಡ್ಬೇಡ, ಬಣ್ಣ ಸುಳ್ಳಾಡ್ತದೆ. ಕೇಳು.
ಮೊದ್ಲು ಮಳೆ ಉಯ್ದಂಗೆ, ಆಮೇಲೆ ಎಮ್ಮೆ ಮೆಲುಕಾಡ್ದಂಗೆ,
ಕೊನೆಗೆ ಗುಳುಕ್, ಗುಳುಕ್,
ನಿದ್ದೆಗಣ್ಣಲ್ಲಿ ಕೂಸು ಹಾಲು ನುಂಗ್ತದಲ್ಲ, ಅಂಗೆ.
ಆಗ ಇಳಿಸು.'

ಮಂಡ್ಯದ ಮಂಡಿಗೆ ನಾನೂ ಹೋಗಿದ್ದೆ.
ಸಾವ್ಕಾರ ಒಂದು ಅಚ್ಚು ಮುರಿದ, ಮೂಸಿದ,
ನಾಲಿಗೆಗೆ ಮುಟ್ಟಿಸದೆ ಕೆಳಗಿಟ್ಟ.
'ಪುಡಿ ಹಾಕಾಕಿಲ್ವಾ? ಒಂದಿಡಿ ಹಾಕುದ್ರೆ
ಚಿನ್ನದಂಗೆ ಬತ್ತದೆ. ಎಲ್ರೂ ಹಾಕ್ತಾರೆ.
ಇದ್ನ ಯಾರು ನೋಡ್ತಾರೆ?'
'ನೋಡಾಕಲ್ಲ, ತಿನ್ನಾಕೆ.'
ಪಕ್ಕದ ರಾಶಿ ಹಳದಿಯಾಗಿ ಕೂತಿತ್ತು,
ಮದುವೆಗೆ ಫೋಟೊ ತೆಗೆಸಿಕೊಂಡ ಹಾಗೆ.
ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ:
'ಮಾಡೋರಂಗೇ ಐತೆ ಬುಡು ಬೆಲ್ಲ.'

ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ.
ಅವಳು, 'ಊಂ ಕಣಪ್ಪ, ಅಂಗೇ ಐತೆ' ಎಂದು
ಮುರಿದ ಹೋಳೆರಡನ್ನೂ ಸೆರಗಿಗೆ ಕಟ್ಟಿಕೊಂಡು
ಎಂಟು ಮೂಟೆ ಗೂಡ್ಸ್ ಆಟೋಗೆ ತಿರುಗಿ ಹೇರಿಸಿದಳು.
ಬಾಡಿಗೆ ಎರಡು ಸಲ ಕೊಟ್ಟೆವು.
ಆ ವಾರ ಆಳುಗಳ ಕೂಲಿಗೆ ಅವಳ ಓಲೆ ಹೋಯಿತು.
ಓಲೆಯಿಲ್ಲದ ಕಿವಿ ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದಳು,
ನಾನು ನೋಡಿಲ್ಲವೆಂದುಕೊಂಡು.

ಎಂಟನೆಯ ದಿನ ಸೈಕಲ್ಲಿನಲ್ಲಿ ಒಬ್ಬ ಬಂದ.
ಮಗಳು ಹಸಿ ಬಾಣಂತಿ,
ಕರಿಬೆಲ್ಲವೇ ಬೇಕೆಂದು ಅವನವ್ವನ ಹಟ,
ಮೂರು ಊರು ಸುತ್ತಿದ್ದನಂತೆ.
ಎರಡು ಅಚ್ಚು ಕೊಂಡ. ಎರಡೇ.
ಮತ್ತೆ ಮೂರು ದಿನ ಯಾರೂ ಇಲ್ಲ.

ಹುಟ್ಟು ತಿರುವುವಾಗ ಬೆರಳ ಮೇಲೆ ಪಾಕ ಸಿಡಿದು
ನಾನು ಓಡಿಹೋಗಿ ಆ ಕ್ರೀಮು ಹಚ್ಚಿದೆ.
ಉರಿ ಇಳಿಯಲಿಲ್ಲ.
'ಅದುಕ್ಕೂ ಬರಾಕಿಲ್ವೇನೇ ಅದು?' ಎಂದು ಚಿಕ್ಕವ್ವ
ನಕ್ಕಳು ನೋಡಿ, ಒಲೆಯ ಬೆಳಕು ಅವಳ ಕೆನ್ನೆಯ ಮೇಲೆ
ಜಾರಲು ಜಾಗ ಸಿಕ್ಕಿದ ಹಾಗೆ ಜಾರಿತು.
ಆ ಹೊಳಪಿಗೆ ನನ್ನ ಹತ್ತಿರ ಹೆಸರಿರಲಿಲ್ಲ,
ಆ ಟ್ಯೂಬಿನ ಮೇಲೂ ಇರಲಿಲ್ಲ.

ಈಗ ರಾತ್ರಿ. ಗಾಣ ನಿಂತಿದೆ.
ಅವಳು ಹುಟ್ಟನ್ನು ನನ್ನ ಕೈಗೆ ಕೊಟ್ಟು
ಗೋಡೆಗೆ ಒರಗಿದ್ದಾಳೆ.
ಕಣ್ಣು ಮುಚ್ಚುತ್ತೇನೆ. ಮಳೆ. ಎಮ್ಮೆ.
'ಈಗ?'
'ಇನ್ನೂ ಇಲ್ಲ ಕಣೆ.'
ಬೆರಳು ಉರಿಯುತ್ತಿದೆ.
'ಈಗ?'
ಚಿಕ್ಕವ್ವ ಮಾತಾಡುವುದಿಲ್ಲ.
ಅವಳೂ ಕೇಳುತ್ತಿದ್ದಾಳೆ.